ಲಿಫ್ಟ್ ಕಂಪನಿಯನ್ನು ಕೊಂದವರು

ಹೆಸರಿಗೆ ಎರಡು ಸಾವಿರ, ನೋಂದಣಿಗೆ ಒಂಬತ್ತು, ಸ್ಟಾಂಪಿಗೆ ಮೂರು, ಓಡಾಡಿದ ಏಜೆಂಟನಿಗೆ ನಾಲ್ಕು—ಒಂದು ಲಿಮಿಟೆಡ್ ಕಂಪನಿ ಹುಟ್ಟಿಸಲು ಹದಿನೆಂಟು ಸಾವಿರ. ಬದುಕಿಸಿಟ್ಟುಕೊಳ್ಳಲು, ಲಾಭ ಬರಲಿ ಬಿಡಲಿ, ವರ್ಷಕ್ಕೆ ಆರು ಸಾವಿರ. ಲಾಭ ಬಂದರೆ ತೆರಿಗೆ ಬೇರೆ. ಸಾಯಿಸಲು ಮಾತ್ರ ಬಿಡಿಗಾಸೂ ಬೇಡ. ಇದು ಅತ್ತಿಗೆಗೆ ತಿಳಿದದ್ದು ಸೋಮವಾರ, ಆಸ್ಪತ್ರೆಯ ಕಚೇರಿಯ ಕಿಟಕಿಯ ಮುಂದೆ.

"ನಿಮ್ಮ ಕಂಪನಿ ಇಲ್ವಲ್ಲಮ್ಮ," ಎಂದ ಗುಮಾಸ್ತ.

"ಇಲ್ಲ ಅಂದ್ರೆ? ಮೊನ್ನೆ ತಾನೇ ನಿಮ್ಮ ಲಿಫ್ಟಿಗೆ ಹಗ್ಗ ಬದಲಾಯಿಸಿದೀವಿ!"

"ನೋಂದಣಿ ಕಚೇರೀಲಿ ಹೆಸರು ಹೊಡೆದುಹಾಕಿದಾರೆ. ಮೂರು ವರ್ಷದ ಶುಲ್ಕ ಕಟ್ಟಿಲ್ವಂತೆ. ಶುಕ್ರವಾರದೊಳಗೆ ಸರಿಹೋಗದಿದ್ರೆ ಗುತ್ತಿಗೆ ಬೇರೆಯವರಿಗೆ."

ಆಸ್ಪತ್ರೆಯ ಏಳು ಲಿಫ್ಟುಗಳ ಗುತ್ತಿಗೆಯೇ ಕಂಪನಿಯ ಅನ್ನ. ಗಂಡನೂ ಮೈದುನನೂ ಕೂಡಿ ಕಟ್ಟಿದ್ದು. ಗಂಡ ತೀರಿಕೊಂಡ ಮೇಲೆ ಅವನ ಅರ್ಧ ಪಾಲು ಅತ್ತಿಗೆಗೆ ಬಂದಿತ್ತು. ಮೈದುನ ವರ್ಕ್‌ಶಾಪಿನಲ್ಲಿ, ಅತ್ತಿಗೆ ಮನೆಯಲ್ಲೇ ಕುಳಿತು ಫೋನು, ಬಿಲ್ಲು. ಪ್ರತಿ ವರ್ಷ ಆರು ಸಾವಿರ ಎಣಿಸಿ ಮೈದುನನ ಕೈಗಿಡುತ್ತಿದ್ದಳು. ಏಜೆಂಟನಿಗೆ ಮುಟ್ಟಿಸುವುದು ಅವನ ಕೆಲಸ.

"ಮುಟ್ಟಿಸಿದೀನಿ ಅತ್ತಿಗೆ," ಎಂದ ಮೈದುನ. "ಆ ಏಜೆಂಟ್ ಹೆಣದ ಬಾಯಿಗೆ ಹಾಕಿದ ಕಾಸನ್ನೂ ಬಿಡೋನಲ್ಲ!"

"ನಾನಾ? ಮೂರು ವರ್ಷದಿಂದ ನನಗೆ ಒಂದು ಪೈಸೆ ಬಂದಿಲ್ಲ!" ಫೋನಿನಲ್ಲಿ ಏಜೆಂಟ್ ಕಿರುಚಿದ. "ಬೇರೆ ಏಜೆಂಟ್ ಹಿಡಿದಿದೀವಿ ಅಂತ ನಿಮ್ಮ ಮೈದುನನೇ ಹೇಳಿದ್ರು!"

ಒಬ್ಬನ ಮಾತಿಗೆ ಇನ್ನೊಬ್ಬನ ಮಾತು. ರಸೀದಿ? ಯಾರ ಬಳಿಯೂ ಇಲ್ಲ. ಅತ್ತಿಗೆ ನೇರವಾಗಿ ಪಕ್ಕದ ಬೀದಿಯ ಸೀಲಮ್ಮನ ಮನೆಗೆ ನಡೆದಳು. ನೋಂದಣಿ ಕಚೇರಿಯಲ್ಲಿ ಮೂವತ್ತು ವರ್ಷ ಸೀಲು ಒತ್ತಿ ನಿವೃತ್ತಳಾದ ಮುದುಕಿಗೆ ಊರೇ ಇಟ್ಟ ಹೆಸರು ಅದು.

"ತೆರಿಗೆ ಕಟ್ಟಿದೀವಲ್ಲ ಸೀಲಮ್ಮ! ಹೋದ ತಿಂಗಳೂ ಇಸ್ಕೊಂಡ್ರು. ಸತ್ತ ಕಂಪನಿ ಕೈಯಿಂದ ತೆರಿಗೆ ಇಸ್ಕೊಳ್ಳೋಕೆ ನಾಚಿಕೆ ಆಗಲ್ವಾ ಇವರಿಗೆ?"

"ತೆರಿಗೆಯವರು ಬೇರೆ, ನೋಂದಣಿಯವರು ಬೇರೆ ಕಣಮ್ಮ. ಒಬ್ಬರಿಗೆ ಕೊಟ್ಟಿದ್ದು ಇನ್ನೊಬ್ಬರಿಗೆ ಕಾಣಲ್ಲ. ಇಸ್ಕೊಳ್ಳೋಕೆ ಮಾತ್ರ ಎಲ್ಲರಿಗೂ ಕಣ್ಣಿದೆ." ಸೀಲಮ್ಮ ಕನ್ನಡಕ ಒರೆಸಿದಳು. "ಆದ್ರೆ ಹೆಸರು ಹೊಡೆಯೋ ಮುಂಚೆ ಮೂರು ಸಲ ರಿಜಿಸ್ಟರ್ಡ್ ಪೋಸ್ಟ್ ಕಳಿಸಲೇಬೇಕು. ಎಲ್ಲಿಗೆ ಬಂತು?"

"ಬಂದಿದ್ರೆ ವರ್ಕ್‌ಶಾಪಿಗೆ."

"ಹಾಗಾದ್ರೆ ಯಾರೋ ಸಹಿ ಹಾಕಿ ಇಸ್ಕೊಂಡಿದಾರೆ. ನಡಿ. ಆ ಇಬ್ಬರನ್ನೂ ಕರಿ."

ಮಂಗಳವಾರ ನಾಲ್ವರೂ ನೋಂದಣಿ ಕಚೇರಿಯ ದಾಖಲೆ ಕೋಣೆಯಲ್ಲಿದ್ದರು. ಫೈಲು ನೋಡಲು ಅರ್ಜಿ ಬೇಕು, ಪಾಲುದಾರರಿಬ್ಬರೂ ಸಹಿ ಮಾಡಬೇಕು ಎಂದಳು ಸೀಲಮ್ಮ. ಅತ್ತಿಗೆ ಸಹಿ ಹಾಕಿದಳು. ಮೈದುನನೂ ಹಾಕಿ, ಕೈಗಡಿಯಾರ ನೋಡಿ, ಪೆನ್ನು ಹಿಂತಿರುಗಿಸಿದ.

ಫೈಲು ಬಂತು. ಅಂಚೆಯವನು ವಾಪಸು ತಂದ ಮೂರು ಸ್ವೀಕೃತಿ ಚೀಟಿಗಳು. ಮೂರರಲ್ಲೂ ಸೊಟ್ಟ ಗೀಟಿನಂಥ ಸಹಿ.

"ಇದು ಯಾರದೂ ಆಗಿರಬಹುದು," ಎಂದ ಏಜೆಂಟ್.

"ನಿಂದೇ! ವರ್ಕ್‌ಶಾಪಿಗೆ ದಿನಾ ಬಂದು ಕೂರ್ತಿದ್ದೆಯಲ್ಲ!" ಎಂದ ಮೈದುನ.

"ಸ್ವಲ್ಪ ಸುಮ್ಮನಿರ್ತೀರಾ?" ಸೀಲಮ್ಮ ಬೆರಳಿಟ್ಟಳು. "ಎಲ್ಲರೂ ಸಹಿ ನೋಡ್ತಿದೀರಿ. ಅದರ ಕೆಳಗೇನಿದೆ? ಹತ್ತು ಐವತ್ತು. ನಾಲ್ಕು ಹದಿನೈದು. ಹನ್ನೊಂದು ಇಪ್ಪತ್ತು. ಮೂವತ್ತು ವರ್ಷದಲ್ಲಿ ಲಕ್ಷ ಚೀಟಿ ನೋಡಿದೀನಿ. ತಾರೀಖು ಬರೀತಾರೆ, ಗಂಟೆ ಬರೆದೋರನ್ನ ಕಂಡಿಲ್ಲ. ಸಹಿಯ ಕೆಳಗೆ ಗಂಟೆ ಬರೆಯೋರು ಯಾರಮ್ಮ?"

ಬಿಲ್ಲಿಗೆಂದು ಪ್ರತಿ ತಿಂಗಳೂ ಜೋಡಿಸುವ ನೂರಾರು ಸರ್ವಿಸ್ ಕಾರ್ಡುಗಳು ಅತ್ತಿಗೆಯ ಕಣ್ಣ ಮುಂದೆ ಬಂದವು. ಪ್ರತಿಯೊಂದರಲ್ಲೂ ಸಹಿಯ ಕೆಳಗೆ ಗಂಟೆ. ಲಿಫ್ಟ್ ನಿಲ್ಲಿಸಿದವನು ಯಾವ ಗಂಟೆಗೆ ನಿಲ್ಲಿಸಿದನೆಂದು ಬರೆಯದಿದ್ದರೆ ಜೀವ ಹೋದೀತು.

"ಲಿಫ್ಟ್ ಮೆಕ್ಯಾನಿಕ್ಕು," ಎಂದಳು.

ಸೀಲಮ್ಮ ಅರ್ಜಿಯನ್ನು ತಿರುಗಿಸಿ ತೋರಿಸಿದಳು. ಮೈದುನನ ಸಹಿ ಮುದ್ದಾಗಿತ್ತು. ಕೆಳಗೆ: ಹನ್ನೆರಡು ಹತ್ತು.

"ಸಹಿ ಸೊಟ್ಟ ಮಾಡೋಕೆ ನೆನಪಾಯ್ತು. ಕೈಯ ಅಭ್ಯಾಸ ಬಿಡಿಸೋಕೆ ಆಗಲಿಲ್ಲ," ಎಂದಳು. "ಇನ್ನೊಂದಿದೆ. ಬೆಳಗ್ಗೆಯೇ ಇಲ್ಲಿಯ ರಿಜಿಸ್ಟರ್ ತಿರುವಿ, ಆಸ್ಪತ್ರೆಗೂ ಫೋನ್ ಮಾಡಿ ಕೇಳಿದೆ. ನಾಲ್ಕು ತಿಂಗಳ ಹಿಂದೆ ಇದೇ ಕಚೇರೀಲಿ ಹೊಸ ಲಿಫ್ಟ್ ಕಂಪನಿಯೊಂದು ಹುಟ್ಟಿದೆ. ಮಾಲೀಕ ಇವನೇ. ಆಸ್ಪತ್ರೆಗೆ ಅರ್ಜಿಯನ್ನೂ ಹಾಕಿದಾನೆ. ಆರು ಸಾವಿರದ ಹಾಗೆ ಮೂರು ವರ್ಷಕ್ಕೆ ಎಷ್ಟಾಯ್ತು? ಹೊಸ ಕಂಪನಿಗೆ ಎಷ್ಟು ಬೇಕು?"

ಹದಿನೆಂಟು ಸಾವಿರ. ಅತ್ತಿಗೆ ತನ್ನ ಕೈಯಾರೆ ಎಣಿಸಿಕೊಟ್ಟ ದುಡ್ಡು!

"ಗ್ರೀಸ್ ಮೆತ್ಕೊಂಡು ಲಿಫ್ಟಿನ ಗುಂಡಿಗಿಳಿಯೋನು ನಾನು," ಮೈದುನ ನೆಲ ನೋಡುತ್ತಲೇ ಗುಡುಗಿದ. "ಫೋನ್ ಎತ್ತಿದ್ದಕ್ಕೆ ಅರ್ಧ ಪಾಲಾ ಅತ್ತಿಗೆ?"

"ಪಾಲು ಫೋನಿಗೆ ಬಂದಿದ್ದಲ್ಲ ಕಣೋ! ಅದೇ ಗುಂಡೀಲಿ ನಿನಗೆ ಕೆಲಸ ಕಲಿಸಿದ ನಿಮ್ಮಣ್ಣಂದು. ಜಾಸ್ತಿ ಬೇಕಿದ್ರೆ ಬಾಯಿಬಿಟ್ಟು ಕೇಳಬೇಕಿತ್ತು, ಕೊಡ್ತಿದ್ದೆ. ಉಂಡ ಮನೆಯ ಜಂತೆ ಎಣಿಸಿದೆಯಲ್ಲೋ!"

ಅತ್ತಿಗೆ ಏಜೆಂಟನ ಕಡೆ ತಿರುಗಿ, "ತಪ್ಪು ತಿಳ್ಕೊಂಡೆ, ಕ್ಷಮಿಸಿ," ಎಂದಳು. ಅವನು, ಕಂಪನಿಯ ಹೆಸರು ಮತ್ತೆ ಬರೆಸಲು ತನ್ನ ಫೀಸು ಬೇಡವೆಂದ. ಜೀವಮಾನದಲ್ಲಿ ಮೊದಲ ಸಲ ಇರಬೇಕು.

ಮಧ್ಯಾಹ್ನವೇ ಅವಳು ಚೀಟಿಗಳ ನಕಲನ್ನು ಆಸ್ಪತ್ರೆಗೆ ಒಯ್ದಳು. ಅವರು ಮೈದುನನ ಅರ್ಜಿಯನ್ನು ತಳ್ಳಿಹಾಕಿದರು. ಆದರೆ ನೋಂದಣಿ ಇಲ್ಲದ ಕಂಪನಿಗಾಗಿ ಕಾಯಲೂ ಒಪ್ಪಲಿಲ್ಲ.

ಬಾಕಿ ಶುಲ್ಕ ಹದಿನೆಂಟು ಸಾವಿರ, ದಂಡ ಇಪ್ಪತ್ತೇಳು, ಮರು ನೋಂದಣಿಗೆ ಐದು. ಐವತ್ತು ಸಾವಿರಕ್ಕೆ, ಐವತ್ತೊಂದನೆಯ ದಿನ ಕಂಪನಿಗೆ ಜೀವ ಬಂತು. ಏಳು ಲಿಫ್ಟುಗಳೂ ಅಷ್ಟರಲ್ಲಿ ಬೇರೆಯವರ ಪಾಲಾಗಿದ್ದವು.