ಸುರಂಗದಲ್ಲಿ ಕೇಳಿದ ಸೈರನ್

ಹೋದ ಡಿಸೆಂಬರಿನಲ್ಲಿ ಶಿವಮೊಗ್ಗದಿಂದ ಕಾರು ಮಾಡಿಕೊಂಡು ಅಪ್ಪ-ಅಮ್ಮನಿಗೆ ಕರಾವಳಿಯ ಹಳೆಯ ಕೋಟೆಯೊಂದನ್ನು ತೋರಿಸಲು ಹೋಗಿದ್ದೆ. ಅಪ್ಪ ಮೂರ್ತಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿದು ನಿವೃತ್ತನಾದವನು. ಮಂಡಿನೋವೆಂದು ಅಮ್ಮ ಕೆಳಗೇ ಉಳಿದಳು.

ಮಟಮಟ ಮಧ್ಯಾಹ್ನ. ಕೋಟೆಗೋಡೆಯ ಮೇಲೆ ನವಿಲುಗಳು ಕೂತಿದ್ದವು, ಆಚೆ ಸಮುದ್ರ ಮೊರೆಯುತ್ತಿತ್ತು. ನಾನೂ ಅಪ್ಪನೂ ಕೋಟೆಯೊಳಗಿನ ಒಂದು ಸುರಂಗದ ಬಾಯಿಗೆ ಬಂದಾಗ ಒಳಗಿನಿಂದ ಬಿಸಿಗಾಳಿ ಮುಖಕ್ಕೆ ಬಡಿಯಿತು. ಅದರ ಹಿಂದೆಯೇ ಸಣ್ಣಗೆ ಸೈರನ್ ಕೇಳಿಸಿತು. ಚಿಕ್ಕಂದಿನಲ್ಲಿ ಕ್ವಾರ್ಟರ್ಸಿನಲ್ಲಿ ದಿನಾ ಕೇಳುತ್ತಿದ್ದ ಅದೇ ಕಾರ್ಖಾನೆಯ ಸೈರನ್. ನವಿಲುಗಳು ದಡಬಡಿಸಿ ಹಾರಿಹೋದವು.

“ಶಿಫ್ಟಿಗೆ ಹೊತ್ತಾಯ್ತು ಮಾರಾಯ್ತಿ, ಬರ್ತೀನಿ” ಎಂದ ಅಪ್ಪ, ಮೊಬೈಲಿನ ಟಾರ್ಚ್ ಹಿಡಿದು ಒಳಗೆ ನಡೆದೇಬಿಟ್ಟ.

“ಅಪ್ಪಾ, ಎಲ್ಲಿಗೆ ಹೋಗ್ತೀಯ? ನಿಲ್ಲು!”

ಅವನು ತಿರುಗಲಿಲ್ಲ. ಬೆಳಕು ದೂರ ದೂರ ಸರಿದು ಚುಕ್ಕಿಯಷ್ಟಾಯಿತು. ನನಗೆ ಕಾಲು ಕಿತ್ತಿಡಲು ಆಗಲಿಲ್ಲ. “ಅಮ್ಮ ಊಟಕ್ಕೆ ಕಾಯ್ತಿದ್ದಾಳೆ, ಬಾ!” ಎಂದು ಅಳುತ್ತಾ ಕೂಗಿದೆ. ಬೆಳಕು ನಿಂತಿತು. ಬಹಳ ಹೊತ್ತಿನ ಮೇಲೆ ನಿಧಾನವಾಗಿ ಹಿಂದಕ್ಕೆ ಬಂತು.

ಅಪ್ಪನ ಅಂಗಿ ಬೆವರಿನಿಂದ ತೊಯ್ದಿತ್ತು. ಕೈ ಹಿಡಿದರೆ ಕಾದ ಕಾವಲಿಯಂತೆ ಸುಡುತ್ತಿತ್ತು. “ನಮ್ಮ ಶಿಫ್ಟಿನಲ್ಲಿ ತೀರಿಹೋದವ್ರು ಎಲ್ರೂ ಬಂದಿದ್ರು ಕಣೇ” ಎಂದ ಮೆಲ್ಲಗೆ. “ನನ್ನ ಜಾಗ ಒಂದೇ ಖಾಲಿ ಇತ್ತು.”

ಅಷ್ಟರಲ್ಲಿ ಕೋಟೆಯ ಕಾವಲುಗಾರ ಓಡಿಬಂದ. “ಯಾಕಮ್ಮ ಕೂಗಿದ್ದು? ಅದರೊಳಗೆ ಹೋಗೋಕೆ ಜಾಗ ಎಲ್ಲಿದೆ?” ಎನ್ನುತ್ತಾ ಬ್ಯಾಟರಿ ಬಿಟ್ಟ.

ಎರಡು ಮಾರು ದೂರಕ್ಕೇ ಸುರಂಗ ಮುಗಿದು ಕಲ್ಲುಗೋಡೆ ಅಡ್ಡ ನಿಂತಿತ್ತು. ಅದರ ತುಂಬ ಬಾವಲಿಗಳು, ಒಂದೂ ಕದಲದೆ, ನೇತುಬಿದ್ದಿದ್ದವು.