ಮಣಿಕಟ್ಟಿನ ಒಳಬದಿ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ಹರಾಜು ಮಳಿಗೆಯ ಮ್ಯಾನೇಜರ್ ಮುಖದಲ್ಲಿ ರಕ್ತವೇ ಇರಲಿಲ್ಲ. ಮರುದಿನ ಹರಾಜಾಗಬೇಕಿದ್ದ, ಕೀಲಿ ಕೊಡುವ ಅಪರೂಪದ ಹಳೆಯ ಕೈಗಡಿಯಾರ ಕಳುವಾಗಿತ್ತು. ಭಾನುವಾರ ಅದನ್ನು ಸಂಗ್ರಾಹಕರು ನೋಡಲೆಂದು ಹೊರಗಿಟ್ಟಿದ್ದರು. ಸಂಜೆ ಡಬ್ಬಿಯನ್ನು ತೆರೆದು ನೋಡದೆಯೇ ತಿಜೋರಿಗೆ ಸೇರಿಸಿದ್ದರು. ಕೋಟಿ ಬೆಲೆಯ ವಸ್ತು, ಕಾವಲಿಗೆ ಒಬ್ಬನೇ ಗುಮಾಸ್ತ!

ಎಫ್‌ಐಆರ್ ದಾಖಲಾಯಿತು. ಸ್ಥಳ ಪಂಚನಾಮೆ ಮುಗಿಸಿ ಇನ್‌ಸ್ಪೆಕ್ಟರ್ ಮತ್ತು ಹೆಡ್ ಕಾನ್‌ಸ್ಟೆಬಲ್ ಕ್ಯಾಮೆರಾ ದೃಶ್ಯ ನೋಡಲು ಕೂತರು. ಬಂದವರೆಲ್ಲ ಗಡಿಯಾರ ಎತ್ತಿ, ಕಿವಿಗಿಟ್ಟು, ಭೂತಗನ್ನಡಿ ಹಿಡಿದು, ಡಬ್ಬಿ ಮುಚ್ಚಿ ಹೋಗುತ್ತಿದ್ದರು. ಜೇಬಿಗಿಳಿಸಿದವರು ಯಾರೂ ಇಲ್ಲ.

“ಎಲ್ಲರೂ ಸಾಚಾಗಳೇ ಸಾರ್. ವಾಚಿಗೇ ಕಾಲು ಬಂದಿರಬೇಕು,” ಎಂದ ಹೆಡ್ ಕಾನ್‌ಸ್ಟೆಬಲ್.

ಇನ್‌ಸ್ಪೆಕ್ಟರ್ ನಗಲಿಲ್ಲ. ಅವರು ಗಡಿಯಾರದ ಫೋಟೋ ನೋಡುತ್ತಿದ್ದರು. ಗಾಜಿನ ಮೇಲೆ ಒಂದು ಗೀರೂ ಇಲ್ಲ, ಬಕಲ್ ಮಾತ್ರ ತರಚಿಹೋಗಿದೆ.

“ಇದನ್ನ ತಿರುಗಿಸಿ ಕಟ್ಕೊಳ್ತಿದ್ರು. ಗಾಜು ಒಳಗೆ, ಬಕಲ್ ಹೊರಗೆ. ನಿನ್ನೆ ಯಾರಾದ್ರೂ ಕಟ್ಟಿ ನೋಡಿದ್ರಾ?”

“ಛೆ, ಸಂಗ್ರಾಹಕರು ಇಂಥದ್ದನ್ನ ಕೈಗೆ ಕಟ್ಟಲ್ಲ,” ಎಂದರು ಮ್ಯಾನೇಜರ್. “ಪಟ್ಟಿ ಬಿರುಕು ಬಿಟ್ರೆ ಬೆಲೆ ಬಿದ್ದುಹೋಗುತ್ತೆ.”

ದೃಶ್ಯವನ್ನು ಮತ್ತೆ ಓಡಿಸಿದರು. ಈ ಸಲ ಜೇಬುಗಳನ್ನು ಬಿಟ್ಟು ಕೈಗಳನ್ನು ನೋಡಿದರು. ಮಧ್ಯಾಹ್ನ 3.40ಕ್ಕೆ ಬೂದು ಸ್ವೆಟರಿನ ಹೆಂಗಸೊಬ್ಬಳು ಕ್ಯಾಮೆರಾಗೆ ಬೆನ್ನು ಮಾಡಿ ನಿಂತಿದ್ದಳು. ಹೊರಗೆ ಹೋಗಲು ಬಾಗಿಲು ತಳ್ಳಿದಾಗ ಅವಳ ಮಣಿಕಟ್ಟಿನ ಮೇಲ್ಬದಿಯಲ್ಲಿ ಬಕಲ್ ಮಿಂಚಿತು.

ಗಡಿಯಾರವನ್ನು ಹರಾಜಿಗಿಟ್ಟಿದ್ದ ಒಡೆಯನನ್ನು ಕರೆಸಿದರು.

“ಇದನ್ನ ಒಳಮುಖ ಕಟ್ತಿದ್ದವರು ಯಾರು?”

“ಅಪ್ಪ. ಸೇತುವೆ ಕೆಲಸದ ಎಂಜಿನಿಯರ್. ಗಾಜಿಗೆ ಕಲ್ಲು ತಾಗಬಾರ್ದು ಅಂತ ಹಾಗೆ ಕಟ್ತಿದ್ರು. ನನ್ನ ಮದುವೇಲಿ ನನಗೆ ಕೊಟ್ಟುಬಿಟ್ರು.”

ದೃಶ್ಯ ತೋರಿಸಿದಾಗ ಅವನು ಪರದೆಯತ್ತ ಬಾಗಿದ. “ಅಯ್ಯೋ, ಇವಳು ನಮ್ಮಕ್ಕ!”

ಅಕ್ಕನ ಮನೆ ಎರಡು ಕೋಣೆಯದು. ಪೊಲೀಸರನ್ನೂ ಹಿಂದೆ ನಿಂತಿದ್ದ ತಮ್ಮನನ್ನೂ ಕಂಡು, ಅನ್ನದ ಬಟ್ಟಲು ಹಿಡಿದೇ ಆಕೆ ದಾರಿ ಬಿಟ್ಟಳು. ಕಿಟಕಿಯ ಪಕ್ಕ ಕುರ್ಚಿಯಲ್ಲಿ ಅಪ್ಪ ಕೂತಿದ್ದರು. ಗಡಿಯಾರ ಅವರ ಕೈಯಲ್ಲಿತ್ತು, ಗಾಜು ಒಳಗೆ.

“ಯಾಕಮ್ಮ ಹೀಗೆ ಮಾಡ್ದೆ?”

“ತಮ್ಮನಿಗೆ ಕೊಟ್ಟಿದ್ದು ಅಪ್ಪಂಗೆ ಮರೆತುಹೋಗಿದೆ ಸಾರ್. ಬೆಳಗಾದ್ರೆ ವಾಚ್ ಕದ್ದವಳು ನೀನೇ ಅಂತಾರೆ. ಕಳ್ಳಿ ಕೈಯಿಂದ ಉಣ್ಣಲ್ಲ ಅಂತ ಬಾಯಿ ಬಿಗಿಹಿಡಿದು ಕೂರ್ತಾರೆ. ಎಷ್ಟು ಸೊರಗಿದ್ದಾರೆ ನೋಡಿ. ನಾಲ್ಕು ದಿನ ಕೊಡೋ ಅಂತ ತಮ್ಮನ್ನ ಬೇಡ್ಕೊಂಡೆ. ಹರಾಜಿಗೆ ಕೊಟ್ಟಾಯ್ತು ಅಂದ.” ಆಕೆ ಕಣ್ಣೊರೆಸಿಕೊಂಡಳು. “ನಿನ್ನೆ ಹೊಟ್ಟೆ ತುಂಬ ಉಂಡ್ರು.”

ತಮ್ಮ ನೆಲ ನೋಡುತ್ತಿದ್ದ. “ಇಷ್ಟು ಆಗಿದೆ ಅಂತ ನಂಗೆ ಗೊತ್ತಿರಲಿಲ್ಲ.”

“ಒಂದು ಸಲ ಬಂದು ನೋಡಿದ್ಯೇನೋ?” ಎಂದಳು ಅಕ್ಕ.

ಸಾಕ್ಷಿಗೆಂದು ಕರೆಸಿದ ಪಂಚರ ಸಮ್ಮುಖದಲ್ಲಿ ಬಕಲನ್ನು ಇನ್‌ಸ್ಪೆಕ್ಟರ್ ತಾವೇ ಬಿಚ್ಚಿದರು. ಅವರ ಸೇವೆಯಲ್ಲಿ ಅದಕ್ಕಿಂತ ಕಷ್ಟದ ಜಪ್ತಿ ಇರಲಿಲ್ಲ. ಸಂಜೆ 5.15ಕ್ಕೆ ಬಂಧನ ದಾಖಲಾಯಿತು. ಮಹಿಳಾ ಪೇದೆ ಆಕೆಯ ತೋಳು ಹಿಡಿದಾಗ ಮುದುಕರು ಕುರ್ಚಿಯಿಂದ ಏಳಲು ಹೆಣಗಿದರು.

“ರೀ, ಅವಳನ್ನ ಯಾಕೆ ಕರ್ಕೊಂಡು ಹೋಗ್ತೀರಿ? ನನ್ನ ವಾಚ್ ಹುಡುಕಿ ಕೊಟ್ಟವಳು ರೀ ಅವಳು. ನನ್ನ ಮಗಳು!”

ಜೀಪು ಹೊರಟಿತು. ಅಕ್ಕ ಬಿಟ್ಟುಹೋದ ಬಟ್ಟಲನ್ನು ತಮ್ಮ ಎತ್ತಿಕೊಂಡು ಒಂದು ತುತ್ತು ಮುಂದೆ ಹಿಡಿದ. ಅಪ್ಪ ಬಾಯಿ ತೆರೆಯಲಿಲ್ಲ.