ಖಾಲಿ ಕನ್ವರ್ಟರ್

ಕನ್ವರ್ಟರ್ ಒಳಗೆ ಏನೂ ಇರಲಿಲ್ಲ.

ಗ್ಯಾರೇಜಿನ ಯಜಮಾನಿ ಒಂದು ತುದಿಯಿಂದ ಟಾರ್ಚ್ ಹಾಯಿಸಿದಳು. ಬೆಳಕು ಇನ್ನೊಂದು ತುದಿಯಿಂದ ಹೊರಬಂದು ಎದುರಿನ ಗೋಡೆಗೆ ಬಿತ್ತು. ಹಾಗೆ ಬೀಳಬಾರದು. ಹೊಗೆಯ ವಿಷವನ್ನು ಸುಡಲೆಂದೇ ಆ ಉಕ್ಕಿನ ಡಬ್ಬಿಯೊಳಗೆ ಜೇನುಗೂಡಿನಂಥ ಪಿಂಗಾಣಿಯ ತುಂಡೊಂದು ಒತ್ತಾಗಿ ಕೂತಿರುತ್ತದೆ. ಐದೇ ತಿಂಗಳ ಹಿಂದೆ ಹೊಸ ಕನ್ವರ್ಟರನ್ನು ಅವಳೇ ತರಿಸಿ ಈ ಪಿಕಪ್ ಗಾಡಿಗೆ ಹಾಕಿಸಿದ್ದಳು. ಇವತ್ತು ಗಾಡಿ ಹೊಗೆ ತಪಾಸಣೆಯಲ್ಲಿ ಫೇಲಾಗಿ ಬಂತೆಂದು ಬಿಚ್ಚಿ ನೋಡಿದರೆ ಅಂಚಿನಲ್ಲಿ ನಾಲ್ಕು ಚೂರು, ನಡುವೆ ಬಟಾಬಯಲು.

"ಒಳಗಿನ ಮಾಲೆಲ್ಲಿ?" ಬೆನ್ನ ಹಿಂದೆ ಗಾಡಿಯ ಮಾಲೀಕನ ದನಿ. ಟೈಲ್ಸ್ ಅಂಗಡಿಯವನು. ಜೊತೆಗೆ ಅವನ ಮಾವ, ನಿವೃತ್ತ ಗ್ರಂಥಪಾಲಕರು, ಹಳೇ ಟೈರಿನ ಮೇಲೆ ಮಡಿಸಿದ ಪೇಪರ್ ಹಾಸಿಕೊಂಡು ಕೂತಿದ್ದರು.

"ಗೊತ್ತಿಲ್ಲ."

"ನಂಗೆ ಗೊತ್ತು. ಅದ್ರಲ್ಲಿ ಬೆಲೆಬಾಳೋ ಲೋಹ ಇರತ್ತಂತೆ. ಕದ್ದು ಮಾರೋರು ಇದಾರಂತೆ. ಇದಕ್ಕೆ ಬೆಸುಗೆ ಹಾಕಿದ್ದು ಯಾರು?"

ಹಾಕಿದ್ದು ವೆಲ್ಡರ್ ಅಣ್ಣ. ಹತ್ತೊಂಬತ್ತು ವರ್ಷದಿಂದ, ಅವಳ ಅಪ್ಪ ಇದ್ದ ಕಾಲದಿಂದ, ಗ್ಯಾರೇಜಿನ ಬೆಸುಗೆಯೆಲ್ಲ ಅವನ ಕೈಯದೇ. ಆ ದಿನ ಅವಳು ಬೇರೊಂದು ಗಾಡಿಯ ಕೆಲಸಕ್ಕೆ ಹೋಗಿ ಸಂಜೆ ಬಂದಿದ್ದಳು. ಅಲ್ಲಿಯವರೆಗೂ ಕನ್ವರ್ಟರ್ ಜೊತೆ ಇದ್ದವನು ಅವನೊಬ್ಬನೇ. ಟೈಲ್ಸ್ ಅಂಗಡಿಯವನಿಗೂ ಅದು ಚೆನ್ನಾಗಿ ನೆನಪಿತ್ತು.

"ಸಂಜೆಯೊಳಗೆ ಮಾಲು ಸಿಗ್ಬೇಕು. ಇಲ್ಲಾಂದ್ರೆ ಅವನ ಹೆಸರು ಬರೆದು ಸ್ಟೇಷನ್ನಿಗೆ ಕೊಡ್ತೀನಿ."

ವೆಲ್ಡರ್ ಅಲ್ಲೇ ನಿಂತಿದ್ದ. ಯಜಮಾನಿ ಅವನ ಕಡೆ ತಿರುಗಿದಳು. ತಲೆ ಸಿಡಿಯುತ್ತಿತ್ತು, ಜಗಳ ಒಮ್ಮೆ ಮುಗಿದರೆ ಸಾಕೆನಿಸಿತ್ತು.

"ಅಣ್ಣಾ, ನಿನ್ನ ಪೆಟ್ಟಿಗೆ ಒಂದ್ಸಲ ತೆಗೆದು ತೋರಿಸಿಬಿಡು. ಇವ್ರ ಸಮಾಧಾನಕ್ಕೆ."

ಅವನು ತೆಗೆದ. ವೆಲ್ಡಿಂಗ್ ರಾಡು, ಕಪ್ಪು ಕನ್ನಡಕ, ಮಾಸಿದ ಒಂದು ಟವಲು. ಮುಚ್ಚಳ ಹಾಕಿದ. ಕೈಗವಸು ಬಿಚ್ಚಿ ಬೆಂಚಿನ ಮೇಲಿಟ್ಟು ಹೊರಟುಹೋದ. ಗಂಟೆ ಇನ್ನೂ ಹತ್ತೂವರೆ.

ಅವನು ಹೋದ ಮೇಲೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಕನ್ವರ್ಟರನ್ನು ಮತ್ತೆ ಕಣ್ಣ ಹತ್ತಿರ ಹಿಡಿದಳು. ಅಂಚಿನ ಚೂರುಗಳು ಉಳಿಯಿಂದ ಒಡೆದ ಹಾಗಿರಲಿಲ್ಲ, ಕರಗಿ ಇಳಿದ ಹಾಗಿದ್ದವು. ಕದಿಯುವವನು ಕರಗಿಸಿ ಕದಿಯುತ್ತಾನೆಯೇ?

ಗಾಡಿಯ ಕೆಳಗೆ ನುಗ್ಗಿ, ಕನ್ವರ್ಟರ್ ದಾಟಿದ ಹೊಗೆ ಹೋಗುವ ಸೈಲೆನ್ಸರ್ ಬಿಚ್ಚಿದಳು. ಅಲ್ಲಾಡಿಸಿದರೆ ಗಲಗಲ ಸದ್ದು. ಹೊಟ್ಟೆ ಕುಯ್ದು ನೆಲಕ್ಕೆ ಬೋರಲು ಹಾಕಿದಳು. ಕರಗಿ ಗಟ್ಟಿಯಾದ ಮೇಣದಂಥ ಬೂದು ಉಂಡೆಗಳು ಹಿಡಿ ಹಿಡಿಯಾಗಿ ಉದುರಿದವು.

"ತಗೊಳ್ಳಿ ನಿಮ್ಮ ಮಾಲು."

ಟೈಲ್ಸ್ ಅಂಗಡಿಯವನು ಬಗ್ಗಿ ನೋಡಿದ. "ಹಾಗಾದ್ರೆ ನೀವು ಡೂಪ್ಲಿಕೇಟ್ ಹಾಕಿದೀರಿ."

ಸ್ಪ್ಯಾನರ್ ಎಸೆಯಬೇಕೆನಿಸಿತು. ಎಸೆಯಲಿಲ್ಲ.

"ಅಸಲಿಯೂ ಕರಗತ್ತೆ ಸ್ವಾಮಿ. ಇಂಜಿನ್‌ನಲ್ಲಿ ಉರಿಯದ ಪೆಟ್ರೋಲು ಹಸಿಹಸಿಯಾಗಿ ಇದರೊಳಗೆ ಬಂದು ಉರಿದ್ರೆ, ಎಂಥದ್ದಾದ್ರೂ ಕರಗತ್ತೆ."

"ಯಾಕೆ ಉರಿದಿಲ್ಲ?"

"ಅದನ್ನೇ ಹುಡುಕ್ತಿರೋದು."

ಇಂಜಿನ್ನಿನ ದೋಷ ಓದುವ ಸ್ಕ್ಯಾನರ್ ಚುಚ್ಚಿದಳು. ಮೂರನೇ ಸಿಲಿಂಡರ್ ಎಷ್ಟೋ ಸಲ ಪೆಟ್ರೋಲು ಉರಿಸದೆ ಮಿಸ್ಸಿಂಗ್ ಹೊಡೆದಿದೆ ಎಂದು ಅದರ ನೆನಪಿನಲ್ಲಿತ್ತು. ಇಂಜಿನ್ ಚಾಲೂ ಮಾಡಿದರೆ ಮಾತ್ರ ಬೆಣ್ಣೆಯಂತೆ ನುಣ್ಣಗೆ ಓಡುತ್ತಿತ್ತು. ಪ್ಲಗ್ ಬದಲಿಸಿದಳು, ನುಣ್ಣಗೆ. ಕಿಡಿ ಕೊಡುವ ಕಾಯಿಲ್ ಅದಲುಬದಲು ಮಾಡಿದಳು, ನುಣ್ಣಗೆ. ವಾಪಸ್ ಹಾಕಿದಳು, ಆಗಲೂ ನುಣ್ಣಗೆ. ಮಧ್ಯಾಹ್ನ ಎರಡಾಯಿತು. ಕೆಟ್ಟ ಇಂಜಿನ್ನಾದರೆ ರಿಪೇರಿ ಮಾಡಬಹುದು, ಚೆನ್ನಾಗಿರುವ ಇಂಜಿನ್ನಿಗೆ ಏನು ಮಾಡುವುದು? ಅದರ ಮುಂದೆ ಕೂತು ಅಳುವುದೊಂದು ಬಾಕಿ ಇತ್ತು.

"ಇಂಜಿನ್ ಕೆಟ್ರೆ ಉರಿಯೋ ಹಳದಿ ದೀಪ ಮಿಣುಕಿಲ್ವಾ, ಸ್ಟೇರಿಂಗ್ ಮುಂದೆ?"

"ನಾನಂತೂ ನೋಡಿಲ್ಲ."

ಬಾಗಿಲು ತೆಗೆದು ಇಣುಕಿದಳು. ದೀಪದ ಜಾಗದಲ್ಲಿ ಕಪ್ಪು ಟೇಪಿನ ತುಂಡು.

"ಇದೇನಿದು?"

"ಹಳೇ ಕನ್ವರ್ಟರ್ ಇದ್ದಾಗ ಅದು ಯಾವಾಗ್ಲೂ ಉರೀತಿತ್ತು. ಕಣ್ಣಿಗೆ ಕಿರಿಕಿರಿ. ಅದಕ್ಕೆ ಅಂಟಿಸಿದ್ದೆ."

"ಹೊಸದು ಹಾಕಿದ ಮೇಲೂ ಕೀಳಲಿಲ್ವಾ?"

"ಮರೆತೆ."

ಅವಳು ಹತ್ತರವರೆಗೆ ಎಣಿಸಿಕೊಂಡಳು.

"ಹೋಗ್ಲಿ. ಗಾಡಿ ಯಾವತ್ತಾದ್ರೂ ಜಗ್ಗಾಡತ್ತಾ?"

"ಸೋಮವಾರ ಬೆಳಿಗ್ಗೆ ಸ್ವಲ್ಪ. ಅರ್ಧ ಗಂಟೆ ಕೆಮ್ಮಿ ಸರಿಹೋಗತ್ತೆ. ಭಾನುವಾರ ರಜೆ ಅಲ್ವಾ, ಅದಕ್ಕೂ ಸೋಮಾರಿತನ ಅಂದ್ಕೊಂಡೆ."

"ಆಗ ಲೋಡ್ ಇರತ್ತಾ?"

"ಸೋಮವಾರವೇ ಜಾಸ್ತಿ ಇರೋದು."

ಸೋಮವಾರ ಮಾತ್ರ. ಇವತ್ತು ಗುರುವಾರ. ಭಾನುವಾರಕ್ಕೂ ಸೋಮವಾರಕ್ಕೂ ನಡುವೆ ಈ ಗಾಡಿಗೆ ಏನಾಗುತ್ತದೆ? ಯೋಚಿಸುತ್ತ ಕೈ ಒರೆಸಿಕೊಳ್ಳಲು ಬಟ್ಟೆ ಎತ್ತಿಕೊಂಡಳು. ಒರೆಸಿದಳು. ಬಟ್ಟೆ ನೋಡಿದಳು. ಕೈ ನೋಡಿದಳು.

ಮೂರು ಗಂಟೆ ಬಾನೆಟ್ಟಿನೊಳಗೆ ಕೈಯಾಡಿಸಿದ್ದಾಳೆ. ಕೈಗೆ ಮಸಿಯೇ ಹತ್ತಿಲ್ಲ.

ಸಿಮೆಂಟು, ಟೈಲ್ಸು ಹೊರುವ ಗಾಡಿ. ಚಕ್ರದಿಂದ ಸೀಟಿನವರೆಗೆ ಬಿಳಿ ಧೂಳು. ಇಂಜಿನ್ ಮಾತ್ರ ಈಗಷ್ಟೇ ಬೆಳಗಿದ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಬೆಳಗಿನಿಂದ ಕೊಳೆಯಲ್ಲಿ ತಪ್ಪು ಹುಡುಕುತ್ತಿದ್ದವಳಿಗೆ ಕೊಳೆ ಇಲ್ಲದ್ದು ಕಂಡಿರಲೇ ಇಲ್ಲ.

"ಈ ಇಂಜಿನ್ ತೊಳೆಯೋರು ಯಾರು?"

"ನಾನೇ." ಟೈರಿನ ಮೇಲಿದ್ದ ಮಾವ ಎದ್ದು ನಿಂತರು. ದನಿಯಲ್ಲಿ ಹೆಮ್ಮೆ. "ಪ್ರತಿ ಭಾನುವಾರ ಸಂಜೆ. ಪೈಪ್ ಹಿಡಿದು, ಮೂಲೆ ಮೂಲೆಗೂ."

ಅವಳು ಗ್ಯಾರೇಜಿನ ನೀರಿನ ಪೈಪನ್ನು ಅವರ ಕೈಗಿತ್ತಳು. "ಹಾಗೇ ತೊಳೀರಿ. ಒಂದು ಚೂರೂ ಹೆಚ್ಚುಕಮ್ಮಿ ಬೇಡ."

ಮಾವ ಅಂಗಿಯ ತೋಳು ಮಡಚಿ ಶ್ರದ್ಧೆಯಿಂದ ತೊಳೆದರು. ಅವಳು ಕೀಲಿ ತಿರುಗಿಸಿದಳು. ಇಂಜಿನ್ ನಡುಗಿತು, ಕೆಮ್ಮಿತು, ಇಡೀ ಗಾಡಿ ಕುಲುಕಾಡಿತು. ಸ್ಕ್ಯಾನರ್ ತೋರಿಸಿತು: ಮೂರನೇ ಸಿಲಿಂಡರ್.

ಇಂಜಿನ್ ನಿಲ್ಲಿಸಿ ಮೂರನೇ ಕಾಯಿಲ್ ಕಿತ್ತಳು. ಅದು ಕೂರುವ ಗುಂಡಿಯಲ್ಲಿ ಎರಡು ಬೆರಳು ನೀರು. ಬಟ್ಟೆಯಿಂದ ಹೀರಿ ತೆಗೆದರೆ ತಳದಲ್ಲಿ ತುಕ್ಕಿನ ಬಳೆ. ಬೆಳಗಿನಿಂದ ಎರಡು ಸಲ ಇದೇ ಕಾಯಿಲ್ ತೆಗೆದಿದ್ದಳು. ಎರಡು ಸಲವೂ ಕಾಯಿಲ್ ನೋಡಿದ್ದಳೇ ಹೊರತು ಗುಂಡಿ ನೋಡಿರಲಿಲ್ಲ.

"ಇದರ ಮೇಲಿನ ರಬ್ಬರ್ ಒಣಗಿ ಬಿರುಕು ಬಿಟ್ಟಿದೆ. ನೀರು ಒಳಗಿಳಿಯತ್ತೆ, ಕಿಡಿ ಸಾಯತ್ತೆ. ಆ ಅರ್ಧ ಗಂಟೆ ಪೆಟ್ರೋಲೆಲ್ಲ ಹಸಿಯಾಗಿ ಕನ್ವರ್ಟರಿಗೆ. ಆಮೇಲೆ ಇಂಜಿನ್ ಕಾದು ನೀರು ಆರತ್ತೆ, ಸಾಕ್ಷಿಯೂ ಹೋಗತ್ತೆ. ಐದು ತಿಂಗಳ ಸೋಮವಾರಗಳು ಸೇರಿ ಇದನ್ನ ಕರಗಿಸಿವೆ."

ಟೈಲ್ಸ್ ಅಂಗಡಿಯವನು ಮಾವನ ಕಡೆ ತಿರುಗಿದ. "ಇಂಜಿನ್ ತೊಳೀರಿ ಅಂತ ನಿಮಗೆ ಹೇಳಿದ್ಯಾರು?"

ಮಾವ ಸಂಕೋಚದಿಂದ ಯಜಮಾನಿಯನ್ನು ನೋಡಿದರು. "ಇವ್ರೇ. ಹೊಸದು ಹಾಕಿಕೊಟ್ಟ ದಿನ. 'ಇಷ್ಟು ಕೊಳೆ ಇದ್ರೆ ಯಾವ ಹೊಸದೂ ಬಾಳಲ್ಲ, ವಾರಕ್ಕೊಮ್ಮೆ ತೊಳೀರಿ' ಅಂದ್ರು."

ಹೌದು, ಅಂದಿದ್ದಳು. ರಬ್ಬರ್ ಒಣಗಿದ್ದನ್ನೂ ಅವತ್ತೇ ಕಂಡಿದ್ದಳು. ಮುಂದಿನ ಸಲ ನೋಡೋಣ ಎಂದು ಬಿಟ್ಟಿದ್ದಳು.

ವೆಲ್ಡರ್ ಅಣ್ಣನ ಮನೆ ಹಿಂದಿನ ಬೀದಿಯಲ್ಲಿತ್ತು. ಟೈಲ್ಸ್ ಅಂಗಡಿಯವನನ್ನು ಬಿಡದೆ ಕರೆದುಕೊಂಡು ಹೋದಳು. ಅಣ್ಣ ಬಾಗಿಲ ಮುಂದೆ ಕೂತು ಕುರ್ಚಿಯ ಮುರಿದ ಕಾಲು ಜೋಡಿಸುತ್ತಿದ್ದ. ಅವಳು ನಿಂತಲ್ಲೇ ಎಲ್ಲವನ್ನೂ ಒಂದೊಂದಾಗಿ ಹೇಳಿದಳು. ಅವನು ಕೇಳಿಸಿಕೊಂಡ.

"ತಪ್ಪಾಯ್ತು," ಎಂದ ಟೈಲ್ಸ್ ಅಂಗಡಿಯವನು.

"ನೀವು ನನ್ನ ನೋಡಿರೋದೇ ಎರಡು ಸಲ. ಅನುಮಾನ ಬಂತು, ಕೇಳಿದ್ರಿ. ಇರ್ಲಿ ಬಿಡಿ." ಆಮೇಲೆ ಕುರ್ಚಿಯ ಕಾಲನ್ನೇ ನೋಡುತ್ತ ಕೇಳಿದ, "ಕೊನೆಗೆ ತಪ್ಪು ಯಾರದು ಅಂತಾಯ್ತು?"

"ನಂದು. ತೊಳೀರಿ ಅಂದಿದ್ದು ನಾನು, ರಬ್ಬರ್ ಬಿಟ್ಟಿದ್ದು ನಾನು. ಪೆಟ್ಟಿಗೆ ತೆಗೆಸಿದ್ದೂ ನಾನೇ."

"ಹೂಂ."

"ನಾಳೆ ಹೊಸ ಕನ್ವರ್ಟರ್ ಬರತ್ತೆ ಅಣ್ಣ. ಬೆಸುಗೆಗೆ ನೀನು ಬೇಕು."

"ಬರ್ತೀನಿ. ಕೆಲಸ ಬಿಟ್ಟೆ ಅಂತ ನಾನೆಲ್ಲಿ ಹೇಳಿದೆ?"

ಅವಳಿಗೆ ಹೋದ ಜೀವ ಬಂದಂತಾಯಿತು. ಹೊರಟು ಗೇಟಿನವರೆಗೆ ಬಂದಿದ್ದಳು.

"ತಂಗೀ," ಎಂದು ಅವನು ಕರೆದ. "ನಾಳೆಯಿಂದ ನಂಗೆ ಊಟ ತರ್ಬೇಡ. ನಾನೇ ಡಬ್ಬಿ ತರ್ತೀನಿ."

ಹತ್ತೊಂಬತ್ತು ವರ್ಷ ಅವನ ಮಧ್ಯಾಹ್ನದ ಊಟ ಅವಳ ಮನೆಯಿಂದಲೇ ಬರುತ್ತಿತ್ತು. "ಆಯ್ತಣ್ಣ," ಎಂದು ಗೇಟು ಎಳೆದುಕೊಂಡು ಹೊರಟಳು.